ಪಟ್ಟಿಯ ಬದಲಾವಣೆ ಹಿಡಿಯುವ ಬಗೆ

ಕೇಳುಗರಿಗೆ ನಮಸ್ಕಾರ. ಬಾಗಲಕೋಟೆ ಕಡೆಯ ಕಾಲೇಜುಗಳಲ್ಲಿ ಜಾವಾ ಕಲಿತು ಪ್ರಾಜೆಕ್ಟ್ ಮಾಡಲು ಕೂತವರಿಗಾಗಿ ಇವತ್ತಿನ ಮಾತು.

ಇಳಕಲ್ಲಿನ ಸೀರೆ ಅಂಗಡಿಯೊಂದಕ್ಕೆ ಜಾವಾಎಫ್ಎಕ್ಸ್‌ನಲ್ಲಿ (ಜಾವಾದಲ್ಲಿ ಕಿಟಕಿ, ಬಟನ್ ಮಾಡುವ ಲೈಬ್ರರಿ) ಸ್ಟಾಕ್ ಲೆಕ್ಕ ಬರೆಯುತ್ತಿದ್ದೀರಿ ಅನ್ನಿ. ಸೀರೆಗಳ ಮಾಮೂಲಿ ಅರೇಲಿಸ್ಟ್ ಒಂದನ್ನು ಆಬ್ಜೆಕ್ಟ್ ಪ್ರಾಪರ್ಟಿಯೊಳಗೆ (ಒಳಗಿಟ್ಟ ವಸ್ತುವನ್ನೇ ಬದಲಿಸಿದರೆ ತಿಳಿಸುವ ಡಬ್ಬಿ) ಇಟ್ಟು ಲಿಸನರ್, ಅಂದರೆ ಆ ಸುದ್ದಿ ಬಂದಾಗ ಓಡುವ ಕೋಡ್, ಹಚ್ಚಿದಿರಿ. ಗೋಮಿ ದಡಿಯ ಹೊಸ ಸೀರೆ ಸೇರಿಸಿದರೆ ಲಿಸನರ್ ತುಟಿ ಬಿಚ್ಚುವುದಿಲ್ಲ. ಇದ್ದ ಪಟ್ಟಿ ತೆಗೆದು ಬೇರೆ ಪಟ್ಟಿಯನ್ನೇ ಇಟ್ಟಾಗ ಮಾತ್ರ ಆ ಪ್ರಾಪರ್ಟಿ ಸುದ್ದಿ ಕೊಡುತ್ತದೆ. ಒಳಗಿನ ಏರುಪೇರು ತಿಳಿಯಬೇಕೆಂದರೆ ಅಬ್ಸರ್ವೇಬಲ್ ಲಿಸ್ಟ್ (ತನ್ನೊಳಗಿನ ಬದಲಾವಣೆಯನ್ನು ತಾನೇ ತಿಳಿಸುವ ಪಟ್ಟಿ) ಮಾಡಿಕೊಂಡು ಅದಕ್ಕೆ ಲಿಸ್ಟ್ ಚೇಂಜ್ ಲಿಸನರ್ ಹಚ್ಚಬೇಕು. ಎರಡೂ ಸುದ್ದಿ ಬೇಕಾದವರಿಗೆ ಲಿಸ್ಟ್ ಪ್ರಾಪರ್ಟಿ ಇದೆ. ನನಗಂತೂ ಅದೇ ಮೇಲು.

ಲಿಸನರಿನ ಕೈಗೆ ಬರುವ ಚೇಂಜ್ ಆಬ್ಜೆಕ್ಟನ್ನು ಓದುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಎರಡನೆಯ, ಏಳನೆಯ ಸೀರೆ ಮಾರಾಟವಾದವು, ಒಂದೇ ರಿಮೂವ್ ಆಲ್‌ನಲ್ಲಿ ತೆಗೆದಿರಿ. ಲಿಸನರ್ ಓಡುವುದು ಒಂದೇ ಸಲ, ಆದರೆ ಅದರೊಳಗೆ ಬದಲಾವಣೆ ಎರಡು. ಹಾಗಾಗಿ ವೈಲ್ ಲೂಪಿನಲ್ಲಿ ನೆಕ್ಸ್ಟ್ ಕರೆಯುತ್ತ ಹೋಗಬೇಕು. ನೆಕ್ಸ್ಟ್ ಕರೆಯದೆ ನೇರವಾಗಿ ಗೆಟ್ ರಿಮೂವ್ಡ್ ಕೇಳಿದರೆ ಇಲ್ಲೀಗಲ್ ಸ್ಟೇಟ್ ಎಕ್ಸೆಪ್ಶನ್ ಬರುತ್ತದೆ. ಒಂದು ಸೀರೆಯ ಜಾಗದಲ್ಲಿ ಇನ್ನೊಂದನ್ನು ಸೆಟ್ ಮಾಡಿದರೆ ವಾಸ್ ಆಡೆಡ್, ವಾಸ್ ರಿಮೂವ್ಡ್ ಎರಡೂ ಟ್ರೂ ಆಗಿರುತ್ತವೆ. ಆದ್ದರಿಂದ ಒಂದನ್ನು ನೋಡಿ ಎಲ್ಸ್ ಇಫ್‌ನಲ್ಲಿ ಇನ್ನೊಂದನ್ನು ಬಿಟ್ಟರೆ ಸ್ಟಾಕ್ ತಪ್ಪುತ್ತದೆ.

ಇನ್ನು ಬೆಲೆ. ಪಟ್ಟಿಯಲ್ಲಿದ್ದ ಸೀರೆಯ ದರ ಬದಲಾದರೆ ಪಟ್ಟಿಗೆ ಅದರ ಅರಿವೇ ಇರದು. ದರವನ್ನೂ ಪ್ರಾಪರ್ಟಿಯಾಗಿಸಿ, ಅಬ್ಸರ್ವೇಬಲ್ ಅರೇಲಿಸ್ಟ್ ಮಾಡುವಾಗಲೇ ಎಕ್ಸ್‌ಟ್ರಾಕ್ಟರ್ (ಸೀರೆಯ ಯಾವ ಪ್ರಾಪರ್ಟಿಯ ಮೇಲೆ ಕಣ್ಣಿಡಬೇಕೆಂದು ಪಟ್ಟಿಗೆ ಹೇಳುವ ಫಂಕ್ಷನ್) ಕೊಡಿ; ಆಗ ವಾಸ್ ಅಪ್‌ಡೇಟೆಡ್ ಹೇಳುತ್ತದೆ. ಮುಂಗಡ ಯೋಚಿಸಿದವರಿಗೆ ಇದರಿಂದ ಎಷ್ಟೋ ಕೋಡ್ ಉಳಿಯುತ್ತದೆ. ಲಿಸನರಿನ ಒಳಗಿಂದ ಮಾತ್ರ ಅದೇ ಪಟ್ಟಿಗೆ ಕೈ ಹಚ್ಚಬೇಡಿ.

2018ರ ಜಾವಾ 11ರಿಂದ ಒರಾಕಲ್ಲಿನ ಜೆಡಿಕೆ (ಜಾವಾ ಡೆವಲಪ್‌ಮೆಂಟ್ ಕಿಟ್) ಜೊತೆ ಜಾವಾಎಫ್ಎಕ್ಸ್ ಬರುವುದಿಲ್ಲ, ಅದರ ಓಪನ್ ಸೋರ್ಸ್ ರೂಪವಾದ ಓಪನ್‌ಜೆಎಫ್ಎಕ್ಸ್ ಬೇರೆಯಾಗಿ ಸೇರಿಸಿಕೊಳ್ಳಿ.

ಕಿಟಕಿ ಮುಚ್ಚಿದರೂ ಪಟ್ಟಿ ಬದುಕಿರುವ ತನಕ ಲಿಸನರ್ ಮೆಮೊರಿಯಲ್ಲೇ ಉಳಿಯುತ್ತದೆ. ಮುಚ್ಚುವಾಗ ರಿಮೂವ್ ಲಿಸನರ್ ಕರೆಯಿರಿ, ಇಲ್ಲವೇ ಮೂಲ ಲಿಸನರನ್ನು ಬಿಗಿಯಾಗಿ ಹಿಡಿದಿಡದ ವೀಕ್ ಲಿಸ್ಟ್ ಚೇಂಜ್ ಲಿಸನರಿನಲ್ಲಿ ಸುತ್ತಿ ಕೊಡಿ. ಸುತ್ತಿ ಕೊಟ್ಟಾಗ ಮೂಲ ಲಿಸನರನ್ನು ಕ್ಲಾಸಿನ ಒಂದು ಫೀಲ್ಡಿನಲ್ಲಿ ಹಿಡಿದಿಡಿ. ಇಲ್ಲವಾದರೆ ಕಿಟಕಿ ತೆರೆದಿದ್ದಾಗಲೇ ಗಾರ್ಬೇಜ್ ಕಲೆಕ್ಟರ್ ಅದನ್ನು ಒಯ್ದುಬಿಟ್ಟೀತು. ನಮಸ್ಕಾರ.