600 ಎಂಎಂನಲ್ಲಿ ಗರಿ ಬಿಡಿಸಿ ಕಾಣಬೇಕು: ಚಿಕ್ಕಮಗಳೂರಿನಲ್ಲಿ ಝೂಮ್ ಲೆನ್ಸ್ ಪರೀಕ್ಷೆ

ನಮಸ್ಕಾರ. ಈಗ ಸ್ಕ್ರೀನ್ ಮೇಲೆ ಎರಡು ಫೋಟೋ ಇವೆ. ಎರಡರಲ್ಲೂ ಇರುವುದು ಒಂದೇ ಕೆಮ್ಮೀಸೆ ಪಿಕಳಾರ. ಅದೇ ರೆಂಬೆ, ಅದೇ 600 ಎಂಎಂ. ಎಡಗಡೆ ಫೋಟೋದಲ್ಲಿ ಕಣ್ಣಿನ ಹಿಂದಿನ ಕೆಂಪು ಮಚ್ಚೆ ಬರೀ ಬಣ್ಣದ ಚುಕ್ಕೆ. ಬಲಗಡೆಯದರಲ್ಲಿ ನೋಡಿ, ಅದೇ ಮಚ್ಚೆ ಎಳೆ ಎಳೆಯಾಗಿ ಬಿಡಿಸಿಕೊಂಡಿದೆ. ಕೆಂಪು ಎಳೆಗಳು ಬಿಳಿ ಕೆನ್ನೆಯ ಮೇಲೆ ಬಂದು ಕೂತಿರುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ಬಲಗಡೆಯದು ಯಾವ ಲೆನ್ಸ್ ಅಂತ ಕೇಳುತ್ತೀರಿ, ಅಲ್ವಾ? ಎರಡೂ ಒಂದೇ ಲೆನ್ಸ್. ಎಡಗಡೆಯದನ್ನು ಬೇಕಂತಲೇ 1/160 ಸೆಕೆಂಡ್ ಶಟರ್‌ನಲ್ಲಿ ಕೈಯಲ್ಲಿ ಹಿಡಿದು ತೆಗೆದೆ. ಬಲಗಡೆಯದು 1/800. ಲೆನ್ಸ್ ಬದಲಾಗಿಲ್ಲ, ಕೈ ನಡುಗಿದ್ದು ಕಾಣದಂತಾಯಿತು ಅಷ್ಟೆ.

ಇವತ್ತಿನ ವಿಡಿಯೋ ಇದರ ಬಗ್ಗೆಯೇ. 150-600, 200-600, 180-600, ಹೀಗೆ ಉದ್ದನೆಯ ಝೂಮ್ ಲೆನ್ಸ್ ಶಾರ್ಪ್ ಇದೆಯಾ ಇಲ್ಲವಾ ಅಂತ ನಾವೇ ನೋಡಿ ತಿಳಿಯುವುದು ಹೇಗೆ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಲೆನಾಡಿನಲ್ಲಿ ಹಕ್ಕಿ ತೆಗೆಯುವವರು ಲೆನ್ಸನ್ನು ಅಳೆಯಬೇಕಾದ್ದು ಒಂದೇ ಜಾಗದಲ್ಲಿ: ಝೂಮ್ ಪೂರ್ತಿ ಎಳೆದು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು, ಹಕ್ಕಿ ಕೂರುವ ದೂರದಲ್ಲಿ. ಬೇರೆಲ್ಲ ಆಮೇಲೆ.

ಯಾಕೆ ಅಂತ ಈ ತೋಟದಲ್ಲಿ ನಿಂತರೆ ಗೊತ್ತಾಗುತ್ತದೆ. ನಾವಿರುವುದು ಆಲ್ದೂರು ಕಡೆ, ಪರಿಚಯದವರ ಕಾಫಿ ತೋಟ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಬೆಳಿಗ್ಗೆ ಬಿಸಿಲು ಬಂದ ಮೇಲೂ ಕೆಳಗೆ ನೆರಳೇ. ಅಪರ್ಚರ್ ಪೂರ್ತಿ ತೆರೆದು ಎಫ್ 6.3, 1/500 ಶಟರ್ ಇಟ್ಟರೆ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200ಕ್ಕೆ ಹೋಗಿ ನಿಲ್ಲುತ್ತದೆ. ರಿವ್ಯೂಗಳಲ್ಲಿ ಒಂದು ಮಾತು ಬಹಳ ಕೇಳಿರುತ್ತೀರಿ: "ಎಫ್ 8ಕ್ಕೆ ಇಳಿಸಿದರೆ ಒಳ್ಳೆ ಶಾರ್ಪ್ ಬರುತ್ತದೆ." ಎಫ್ ಸಂಖ್ಯೆ ಏರಿದಷ್ಟೂ ಕಿಂಡಿ ಕಿರಿದು. ಮಾತು ಸುಳ್ಳಲ್ಲ. ಈ ತರಹದ ಝೂಮ್‌ಗಳಲ್ಲಿ ಹೆಚ್ಚಿನವು ಉದ್ದದ ತುದಿಯಲ್ಲಿ ಸ್ವಲ್ಪ ಮೆದುವಾಗುತ್ತವೆ, ಎಫ್ 8ಕ್ಕೆ ತಂದರೆ ಚೇತರಿಸಿಕೊಳ್ಳುತ್ತವೆ. ಆದರೆ 6.3ರಿಂದ 8ಕ್ಕೆ ಹೋದರೆ ಬೆಳಕು ಒಂದು ಸ್ಟಾಪಿನ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಮೂರನೇ ಎರಡು ಭಾಗ ಕಮ್ಮಿ. 3200 ಇದ್ದ ಐಎಸ್ಒ 5000 ಆಗುತ್ತದೆ. ನಾಯ್ಸ್, ಅಂದರೆ ಚಿತ್ರದ ಮೇಲಿನ ಕಾಳುಕಾಳು, ಏರುತ್ತದೆ, ಅದನ್ನು ಒರೆಸಲು ಹೋದರೆ ಗರಿಯ ಎಳೆಯೂ ಜೊತೆಗೇ ಒರೆಸಿಹೋಗುತ್ತದೆ. ಲೆನ್ಸ್ ಕೊಟ್ಟಿದ್ದನ್ನು ಸಾಫ್ಟ್‌ವೇರ್ ಕಿತ್ತುಕೊಂಡ ಹಾಗಾಯಿತು. ಅದಕ್ಕೇ ಹೇಳುವುದು, ಎಫ್ 8ರಲ್ಲಿ ಮಾತ್ರ ಚೆನ್ನಾಗಿರುವ ಲೆನ್ಸ್ ಕೆರೆಯ ಬಿಸಿಲಿಗೆ ಸರಿ, ತೋಟಕ್ಕೆ ಸಾಲದು.

ಸರಿ, ಪರೀಕ್ಷೆಗೆ ಬರೋಣ. ಹಕ್ಕಿಗಿಂತ ಮೊದಲು ಕಾಗದ. ಇದು ಕಾಫಿ ಒಣಗಿಸುವ ಕಣದ ಪಕ್ಕದ ಗೋಡೆ. ಇಲ್ಲಿ ದಿನಪತ್ರಿಕೆಯ ಒಂದು ಹಾಳೆ ಅಂಟಿಸಿದ್ದೇನೆ. ಸಣ್ಣ ಅಕ್ಷರದ ಜಾಹೀರಾತುಗಳ ಪುಟ. ಕನ್ನಡ ಪತ್ರಿಕೆಯೇ ಯಾಕೆ ಅಂದರೆ, ಒತ್ತಕ್ಷರ. ಆ ಪುಟ್ಟ ಸುಳಿಗಳು ತುಂಬಿಹೋದರೆ ಲೆನ್ಸ್ ಸೋಲುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಚಾರ್ಟ್ ಕೊಳ್ಳುವ ಅಗತ್ಯವೇ ಇಲ್ಲ.

ದೂರ 10 ಮೀಟರ್. ಟೇಪಿನಲ್ಲಿ ಅಳೆದದ್ದು. ಇದು ಮುಖ್ಯ. ಮನೆಯೊಳಗೆ ಮೂರು ಮೀಟರಿನಲ್ಲಿ ಪರೀಕ್ಷೆ ಮಾಡಿ ತೀರ್ಪು ಕೊಡುವವರು ಬಹಳ. ಅದೇ ಲೆನ್ಸ್ ಹತ್ತಿರದಲ್ಲಿ ಒಂದು ತರಹ, ದೂರದಲ್ಲಿ ಇನ್ನೊಂದು ತರಹ ಇರಬಹುದು. ನಮ್ಮ ಹಕ್ಕಿ ಎಷ್ಟು ದೂರದಲ್ಲಿ ಕೂರುತ್ತದೋ ಅಷ್ಟು ದೂರದಲ್ಲೇ ನೋಡಬೇಕು. 10 ಮೀಟರಿನಲ್ಲಿ 600 ಎಂಎಂ ಇಟ್ಟರೆ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಗೆ ಹಿಡಿಸುವುದು ಸುಮಾರು 60 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರ. ಬಿಡಿಸಿಟ್ಟ ಪತ್ರಿಕೆ ಫ್ರೇಮ್ ತುಂಬಾ ಬರುತ್ತದೆ. ಪಿಕಳಾರ 20 ಸೆಂಟಿಮೀಟರ್ ಹಕ್ಕಿ, ಫ್ರೇಮಿನ ಮೂರನೇ ಒಂದು ಭಾಗ. ಅದೇ ಹಕ್ಕಿ 30 ಮೀಟರ್ ದೂರ ಹೋದರೆ ಒಂಬತ್ತನೇ ಒಂದು ಭಾಗ. ಆಮೇಲೆ ಕ್ರಾಪ್ ಮಾಡಿ ಮಾಡಿ ಗರಿ ಹುಡುಕಿದರೆ ಯಾವ ಲೆನ್ಸೂ ಕೊಡುವುದಿಲ್ಲ. ಎಷ್ಟೋ ಜನ ಲೆನ್ಸ್ ಸಾಫ್ಟ್ ಅಂತ ಕಳಿಸುವ ಫೋಟೋಗಳಲ್ಲಿ ನನಗೆ ಕಾಣುವ ತೊಂದರೆ ಇದೇ. ಲೆನ್ಸಿಗೆ ಏನೂ ಆಗಿಲ್ಲ, ಹಕ್ಕಿ ದೂರ ಇತ್ತು.

ಟ್ರೈಪಾಡ್ ಗಟ್ಟಿಯಾಗಿರಲಿ. ಲೆನ್ಸಿನ ಸ್ಟೆಬಿಲೈಸೇಶನ್ ಆಫ್. ಬಟನ್ ಒತ್ತಿದರೆ ಕ್ಯಾಮೆರಾ ಅಲುಗುತ್ತದೆ, ಅದಕ್ಕೇ ಟೈಮರ್ ಇಡಿ. ಮಿರರ್‌ಲೆಸ್ ಆದರೆ ಎಲೆಕ್ಟ್ರಾನಿಕ್ ಶಟರ್, ಡಿಎಸ್ಎಲ್ಆರ್ ಆದರೆ ಲೈವ್ ವ್ಯೂ, ಅಂದರೆ ಹಿಂದಿನ ಸ್ಕ್ರೀನಿನಲ್ಲಿ ನೋಡಿ ತೆಗೆಯುವುದು. ಐಎಸ್ಒ ಕಮ್ಮಿ, ಫೈಲ್ ರಾ, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲ್. ಜೆಪೆಗ್‌ನಲ್ಲಿ ಕ್ಯಾಮೆರಾ ತಾನೇ ಶಾರ್ಪ್‌ನೆಸ್ ಸೇರಿಸಿಬಿಡುತ್ತದೆ, ಆಗ ಅಳೆಯುತ್ತಿರುವುದು ಲೆನ್ಸನ್ನಲ್ಲ. ಮುಂದೆ ಯುವಿ ಫಿಲ್ಟರ್ ಇದ್ದರೆ ತೆಗೆದಿಡಿ. ಕಮ್ಮಿ ಬೆಲೆಯ ಫಿಲ್ಟರ್ 50 ಎಂಎಂನಲ್ಲಿ ಗೊತ್ತೇ ಆಗದಿರಬಹುದು, 600ರಲ್ಲಿ ಚಿತ್ರವನ್ನೇ ಕೆಡಿಸುತ್ತದೆ.

ಇನ್ನು ಫೋಕಸ್. ಒಂದೇ ಫೋಟೋ ನೋಡಿ ತೀರ್ಮಾನಕ್ಕೆ ಬರಬೇಡಿ. ಪ್ರತಿ ಸಲ ಫೋಕಸ್ ಪೂರ್ತಿ ಕೆಡಿಸಿ, ಮತ್ತೆ ಹಿಡಿಸಿ, ನಾಲ್ಕೈದು ತೆಗೆಯಿರಿ. ಆಟೋಫೋಕಸ್ ಪ್ರತಿ ಸಲವೂ ಕೂದಲೆಳೆಯಷ್ಟು ಆಚೀಚೆ ನಿಲ್ಲುತ್ತದೆ. ಅದರಲ್ಲಿ ಅತಿ ಚೆನ್ನಾಗಿ ಬಂದದ್ದನ್ನೇ ಲೆನ್ಸಿನ ಶಕ್ತಿ ಅಂತ ತೆಗೆದುಕೊಳ್ಳಿ. ಉಳಿದವು ಹೇಳುವುದು ಆಟೋಫೋಕಸ್ ಕಥೆ. ಡಿಎಸ್ಎಲ್ಆರ್‌ನಲ್ಲಿ ಲೈವ್ ವ್ಯೂ ಚೆನ್ನಾಗಿ ಬಂದು, ವ್ಯೂಫೈಂಡರ್‌ನಲ್ಲಿ ತೆಗೆದದ್ದೆಲ್ಲ ಒಂದೇ ರೀತಿ ಕೆಟ್ಟರೆ ಗಾಜಿನ ತಪ್ಪಲ್ಲ. ಫೋಕಸ್ ಹಕ್ಕಿಯ ಮುಂದೋ ಹಿಂದೋ ಬೀಳುತ್ತಿದೆ ಅಂತ ಅರ್ಥ. ಬಹಳ ಬಾಡಿಗಳಲ್ಲಿ ಅದನ್ನು ಮೈಕ್ರೋ ಅಡ್ಜಸ್ಟ್‌ಮೆಂಟ್‌ನಿಂದ ಸರಿ ಮಾಡಬಹುದು. ಮಿರರ್‌ಲೆಸ್‌ನಲ್ಲಿ ಸೆನ್ಸರೇ ಫೋಕಸ್ ನೋಡುವುದರಿಂದ ಈ ಗೋಳು ಹೆಚ್ಚುಕಮ್ಮಿ ಇಲ್ಲ.

ಈಗ ಈ ನಾಲ್ಕು ಮೂಲೆ ನೋಡಿ. ಬಲ ಮೇಲಿನ ಮೂಲೆಯಲ್ಲಿ ಅಕ್ಷರ ಓದಬಹುದು. ಎಡ ಮೇಲಿನದರಲ್ಲಿ ಮಸುಕು. ಗೋಡೆಗೆ ಕ್ಯಾಮೆರಾ ನೇರವಾಗಿ ನಿಂತಿದೆಯಾ ಅಂತ ಮೊದಲು ನೋಡಿಕೊಳ್ಳಿ. ಅದು ಸರಿ ಇದ್ದೂ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ತಲೆಕೆಳಗಾಗಿ ತಿರುಗಿಸಿದಾಗ ಮಸುಕು ಪತ್ರಿಕೆಯ ಎದುರು ಮೂಲೆಗೆ ಹೋದರೆ, ಒಳಗಿನ ಒಂದು ಗಾಜು ಜಾಗ ತಪ್ಪಿದೆ. ಇದಕ್ಕೆ ಡಿಸೆಂಟರಿಂಗ್ ಅನ್ನುತ್ತಾರೆ. ಹಕ್ಕಿ ಫೋಟೋಗೆ ಮೂಲೆ ಯಾಕೆ ಬೇಕು ಅಂತ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಮೂಲೆಗಳು ನಾಲ್ಕೂ ಒಂದೇ ತರಹ ಮೆದುವಾಗಿದ್ದರೆ ಪರವಾಗಿಲ್ಲ, ಝೂಮ್ ಅಂದ ಮೇಲೆ ಅಷ್ಟು ಇರುತ್ತದೆ. ಒಂದು ಬದಿ ಮಾತ್ರ ಕೆಟ್ಟಿದ್ದರೆ, ಎಡಕ್ಕೆ ಕೂತ ಹಕ್ಕಿ ಚೆನ್ನಾಗಿ ಬರುವುದಿಲ್ಲ, ಬಲಕ್ಕೆ ಕೂತದ್ದು ಬರುತ್ತದೆ. ಕಾರಣ ತಿಳಿಯದೆ ಒದ್ದಾಡುತ್ತೀರಿ. ಒಂದೇ ಮಾಡೆಲ್ಲಿನ ಎರಡು ಲೆನ್ಸ್ ನಡುವೆ ಇಂಥ ವ್ಯತ್ಯಾಸ ಇರುವುದರಿಂದಲೇ ಇನ್ನೊಬ್ಬರ ಫೋಟೋ ನೋಡಿ ನಿಮ್ಮ ಲೆನ್ಸ್ ಬಗ್ಗೆ ತೀರ್ಪು ಕೊಡಲು ಆಗುವುದಿಲ್ಲ. ಲೆನ್ಸ್ ಎಷ್ಟು ಶಾರ್ಪ್ ಅಂತ ತೋರಿಸಲು ಕಂಪನಿಗಳು ಕೊಡುವ ಎಂಟಿಎಫ್ ಗ್ರಾಫ್ ಕೂಡ ಬಹಳಷ್ಟು ಸಲ ವಿನ್ಯಾಸದಿಂದ ಲೆಕ್ಕ ಹಾಕಿದ್ದು. ನಿಮ್ಮ ಕೈಗೆ ಬಂದ ಲೆನ್ಸನ್ನು ಅಳೆದದ್ದಲ್ಲ.

ಕಾಗದ ಸಾಕು. ಬನ್ನಿ, ಅಯ್ಯನಕೆರೆಗೆ ಹೋಗೋಣ.

ಸಖರಾಯಪಟ್ಟಣದ ಹತ್ತಿರ, ಹಿಂದೆ ಶಕುನಗಿರಿ, ಮುಂದೆ ಇಷ್ಟು ನೀರು. ಇಲ್ಲಿ ನನಗೆ ಬೇಕಾದ್ದು ಎರಡು. ಒಂದು ಬೆಳ್ಳಕ್ಕಿ. ಬಿಳಿ ಹಕ್ಕಿ, ಹಿಂದೆ ಮರದ ಕಪ್ಪು ನೆರಳು. ಲೆನ್ಸಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ. ರೆಕ್ಕೆಯ ಅಂಚಿನಲ್ಲಿ ನೇರಳೆ ಅಥವಾ ಹಸಿರು ಗೆರೆ ಕಾಣುತ್ತಿದೆಯಾ? ಬಿಳಿ ಬಣ್ಣ ಹಾಲು ಚೆಲ್ಲಿದ ಹಾಗೆ ಕಪ್ಪಿನೊಳಗೆ ಹರಿದಿದೆಯಾ? ಶಾರ್ಪ್ ಅಂದರೆ ಬರೀ ಸಣ್ಣ ವಿವರ ಅಲ್ಲ, ಈ ಅಂಚು ಎಷ್ಟು ಗಟ್ಟಿಯಾಗಿ ನಿಂತಿದೆ ಅನ್ನುವುದೂ ಹೌದು. ನನಗೆ ಕೇಳಿದರೆ ಇದೇ ಹೆಚ್ಚು. ವಿವರ ತುಸು ಕಮ್ಮಿ ಇದ್ದು ಕಾಂಟ್ರಾಸ್ಟ್ ಗಟ್ಟಿ ಇರುವ ಲೆನ್ಸನ್ನು ನಾನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತೇನೆ.

ಇನ್ನೊಂದು, ಮಿಂಚುಳ್ಳಿ. ದಡದ ಗೂಟದ ಮೇಲೆ ಕೂತಿದೆ ನೋಡಿ, ಸಣ್ಣ ಜಾತಿಯದು. ಝೂಮ್ ಮಾಡುತ್ತೇನೆ. ನೆತ್ತಿ ಮೇಲೆ ಕಡುನೀಲಿ, ಅದರ ಮೇಲೆ ತಿಳಿನೀಲಿಯ ಪುಟ್ಟ ಪಟ್ಟೆಗಳು, ಸಾಲು ಸಾಲಾಗಿ. ಪ್ರಕೃತಿಯೇ ಬರೆದಿಟ್ಟ ಟೆಸ್ಟ್ ಚಾರ್ಟ್ ಇದು, ನನಗೆ ಎಷ್ಟು ನೋಡಿದರೂ ಸಾಕಾಗುವುದಿಲ್ಲ. ಪಟ್ಟೆಗಳು ಒಂದೊಂದಾಗಿ ಬಿಡಿಸಿ ಬಂದರೆ ಲೆನ್ಸ್ ಕೆಲಸ ಮಾಡಿದೆ. ನೆತ್ತಿಯೆಲ್ಲ ಒಂದೇ ನೀಲಿ ಆಗಿದ್ದರೆ ತಡೆಯಿರಿ, ಆಗಲೂ ಲೆನ್ಸನ್ನು ಬಯ್ಯಬೇಡಿ. ಕೊಕ್ಕು ನೋಡಿ, ಕೂತ ಗೂಟ ನೋಡಿ, ಬಾಲ ನೋಡಿ. ಅವುಗಳಲ್ಲಿ ಯಾವುದಾದರೂ ಒಂದು ಕಡೆ ಚಿತ್ರ ಗಟ್ಟಿಯಾಗಿದ್ದರೆ ಫೋಕಸ್ ಅಲ್ಲಿಗೆ ಹೋಗಿದೆ. 600 ಎಂಎಂ, ಎಫ್ 6.3, 8 ಮೀಟರ್ ದೂರ. ಫುಲ್ ಫ್ರೇಮಿನಲ್ಲಿ ಶಾರ್ಪ್ ಆಗಿ ಸಿಗುವ ಆಳ ಸುಮಾರು 6-7 ಸೆಂಟಿಮೀಟರ್. ಹಕ್ಕಿ ನಮ್ಮ ಕಡೆ ಮುಖ ಮಾಡಿದ್ದರೆ ಕೊಕ್ಕಿನ ತುದಿ ಮತ್ತು ಕಣ್ಣು ಎರಡಕ್ಕೇ ಅದರಲ್ಲಿ ಹೆಚ್ಚಿನ ಪಾಲು ಖರ್ಚಾಗುತ್ತದೆ. ಎಲ್ಲೂ ಗಟ್ಟಿ ಇಲ್ಲ, ಚಿತ್ರವೆಲ್ಲ ಒಂದೇ ದಿಕ್ಕಿಗೆ ಎಳೆದ ಹಾಗಿದೆ ಅಂದರೆ ಅದು ಅಲುಗಾಟ.

ಶಟರ್ ಬಗ್ಗೆ ಹಳೇ ಲೆಕ್ಕ ಗೊತ್ತಲ್ಲ, ಒಂದರ ಕೆಳಗೆ ಫೋಕಲ್ ಲೆಂಗ್ತ್, ಅಂದರೆ 600 ಎಂಎಂಗೆ 1/600. ಸೆನ್ಸರ್ ಚಿಕ್ಕದಿರುವ ಎಪಿಎಸ್-ಸಿ ಕ್ಯಾಮೆರಾದಲ್ಲಿ 600ನ್ನು 1.5ರಿಂದ ಗುಣಿಸಿ, 900 ಆಯಿತು. ಅಂದರೆ 1/1000. ಸ್ಟೆಬಿಲೈಸೇಶನ್ ನಮ್ಮ ಕೈ ನಡುಕವನ್ನು ತಡೆಯುತ್ತದೆ, ಹಕ್ಕಿ ತಲೆ ತಿರುಗಿಸುವುದನ್ನಲ್ಲ. ಹಾರುವ ಹಕ್ಕಿಗೆ ನಾನು 1/2000ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಈಗ ಲಕ್ಕವಳ್ಳಿ. ಭದ್ರಾ ಹಿನ್ನೀರು. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ಎದ್ದಾಗ ನದಿ ರೀವಗಳು ಇಲ್ಲಿ ಮೊಟ್ಟೆ ಇಡುತ್ತವೆ. ಕಪ್ಪು ಟೋಪಿ, ಹಳದಿ ಕೊಕ್ಕು, ಉದ್ದ ಕವಲು ಬಾಲ. ಅದೆಂಥ ಚೆಂದದ ಹಕ್ಕಿ! ಆದರೆ ಲೆನ್ಸ್ ಬಗ್ಗೆ ಅತಿ ಹೆಚ್ಚು ಜನ ಮೋಸ ಹೋಗುವುದೂ ಇಂಥ ಜಾಗದಲ್ಲೇ.

ಈ ಎರಡು ಕ್ಲಿಪ್ ನೋಡಿ. ಬೆಳಿಗ್ಗೆ ಏಳು ಗಂಟೆಗೆ ಹಕ್ಕಿಯ ಹಳದಿ ಕೊಕ್ಕಿನ ಅಂಚು ಗೆರೆ ಎಳೆದ ಹಾಗಿದೆ. ಹನ್ನೊಂದಕ್ಕೆ ಅದೇ ಲೆನ್ಸ್, ಅದೇ ದೂರ, ಶಟರ್ 1/3200. ಕೊಕ್ಕು ಕುದಿಯುತ್ತಿದೆ! ಕಾದ ಮರಳಿನ ಮೇಲೆ ಬಿಸಿಗಾಳಿ ಏಳುತ್ತದೆ, ಬಿಸಿ ಗಾಳಿ ಮತ್ತು ತಂಪು ಗಾಳಿ ಬೆಳಕನ್ನು ಬೇರೆ ಬೇರೆಯಾಗಿ ಬಗ್ಗಿಸುತ್ತವೆ. ಉದ್ದ ಲೆನ್ಸ್ ಹಕ್ಕಿಯನ್ನು ಹಿಗ್ಗಿಸುವಷ್ಟೇ ಇದನ್ನೂ ಹಿಗ್ಗಿಸುತ್ತದೆ. ಇಲ್ಲಿ ಲಕ್ಷಗಟ್ಟಲೆ ಬೆಲೆಯ ಪ್ರೈಮ್ (ಝೂಮ್ ಇಲ್ಲದ) ಲೆನ್ಸ್ ತಂದರೂ ಅಷ್ಟೇ. ಎಫ್ 11ಕ್ಕೆ ಇಳಿಸಿದರೂ ಪ್ರಯೋಜನ ಇಲ್ಲ. ಗುರುತು ಹಿಡಿಯುವುದು ಸುಲಭ: ಒಂದೇ ಸಲ ಇಪ್ಪತ್ತು ಫ್ರೇಮ್ ಹೊಡೆಯಿರಿ. ಒಂದರಲ್ಲಿ ಕಣ್ಣು ಸರಿ, ಮುಂದಿನದರಲ್ಲಿ ಕಣ್ಣು ಕೆಟ್ಟು ರೆಕ್ಕೆ ಸರಿ, ಹೀಗೆ ಆಟ ಆಡುತ್ತಿದ್ದರೆ ಅದು ಗಾಳಿ. ಲೆನ್ಸ್ ದೋಷ ಇದ್ದರೆ ಎಲ್ಲ ಫ್ರೇಮಿನಲ್ಲೂ ಒಂದೇ ಕಡೆ ಇರುತ್ತದೆ. ಕಾರಿನೊಳಗೆ ಎಸಿ ಹಾಕಿಕೊಂಡು ಕಿಟಕಿ ಇಳಿಸಿ ತೆಗೆದರೂ ಇದೇ ಆಗುತ್ತದೆ, ಒಳಗಿನ ತಂಪು ಹೊರಗಿನ ಬಿಸಿಗೆ ಸೇರುವುದು ನಿಮ್ಮ ಲೆನ್ಸ್ ಮುಂದೆಯೇ.

ಮುಳ್ಳಯ್ಯನಗಿರಿ ಕಡೆಯ ಮಂಜು ಬೇರೆ ವಿಷಯ. ಅಲ್ಲಿ ಚಿತ್ರ ಕುದಿಯುವುದಿಲ್ಲ, ಬಣ್ಣ ಸೋರಿಹೋಗುತ್ತದೆ. ಆ ದಿನ ಲೆನ್ಸ್ ಪರೀಕ್ಷೆ ಮಾಡಬೇಡಿ, ಅಷ್ಟೆ.

ಕಂಪ್ಯೂಟರ್ ಮುಂದೆ ಒಂದು ಮಾತು. 20 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ 45ಕ್ಕೆ ಬದಲಾಯಿಸಿದ ಮೇಲೆ "ನನ್ನ ಲೆನ್ಸ್ ಸಾಫ್ಟ್ ಆಗಿಬಿಟ್ಟಿದೆ" ಅನ್ನುವವರಿದ್ದಾರೆ. ನೂರು ಪರ್ಸೆಂಟ್‌ನಲ್ಲಿ ನೋಡಿದರೆ ಹಾಗೆ ಕಾಣುವುದು ಸಹಜ, ಅದೇ ಚಿತ್ರವನ್ನು ಜಾಸ್ತಿ ಹಿಗ್ಗಿಸಿ ನೋಡುತ್ತಿದ್ದೀರಿ. ಎರಡನ್ನೂ ಒಂದೇ ಅಳತೆಗೆ ತಂದು ಪಕ್ಕಪಕ್ಕ ಇಡಿ. ಈಗ ಹೊಸದರಲ್ಲೇ ವಿವರ ಹೆಚ್ಚಿರುವುದು ಕಾಣುತ್ತದೆ.

ಕೊನೆಗೆ, ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರಿಗೆ. ಹಳೆಯದಾದರೂ ಒಳ್ಳೆಯ ಲೆನ್ಸ್‌ಗಳಿವೆ. 2015ರಲ್ಲಿ ಬಂದ ನಿಕಾನ್ 200-500 ಉದ್ದಕ್ಕೂ ಎಫ್ 5.6 ಕೊಡುತ್ತದೆ, 2016ರ ಟ್ಯಾಮ್ರಾನ್ 150-600 ಜಿ2 ಕೂಡ ಸೆಕೆಂಡ್ ಹ್ಯಾಂಡ್‌ನಲ್ಲಿ ನೋಡಬಹುದಾದದ್ದೇ. ಆದರೆ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ದುಡ್ಡು ಕೊಡಬೇಡಿ. ನಿಮ್ಮ ಕ್ಯಾಮೆರಾ, ನಿಮ್ಮ ಕಾರ್ಡ್ ತೆಗೆದುಕೊಂಡು ಹೋಗಿ. ಹೊರಗೆ ಬಂದು, ರಸ್ತೆಯಾಚೆಯ ಅಂಗಡಿ ಬೋರ್ಡಿನ ಅತಿ ಸಣ್ಣ ಅಕ್ಷರಗಳನ್ನು ಝೂಮಿನ ಎರಡೂ ತುದಿಯಲ್ಲಿ, ಅಪರ್ಚರ್ ತೆರೆದು ತೆಗೆಯಿರಿ. ಬೋರ್ಡನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇಟ್ಟು ಫ್ರೇಮ್ ಮಾಡಿ. ಟಾರ್ಚ್ ಬಿಟ್ಟು ಒಳಗೆ ಫಂಗಸ್ ಇದೆಯಾ ನೋಡಿ. ನಮ್ಮ ಮಳೆಗಾಲ ಕಂಡ ಲೆನ್ಸಾದರೆ ಇನ್ನೂ ಎಚ್ಚರ. ಫೋಟೋಗಳನ್ನು ಕ್ಯಾಮೆರಾದ ಪುಟ್ಟ ಸ್ಕ್ರೀನಿನಲ್ಲಿ ಅಲ್ಲ, ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿ. ಮಾರುವವರು ಅಷ್ಟು ಹೊತ್ತು ಕೊಡುವುದಿಲ್ಲ ಅಂದರೆ ಆ ಲೆನ್ಸ್ ಅಲ್ಲೇ ಬಿಟ್ಟು ಬನ್ನಿ.