ಚೆನ್ನಾಗಿದ್ದೀನಿ ಅಂದವರ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಸಾವಿರ ರೂಪಾಯಿ ಕೂಲಿ ಮಾಡುವವರ ಕೈಗೆ ಸಿಕ್ಕರೆ ಆಗುವ ಅನುಕೂಲ, ಕೋಟ್ಯಧಿಪತಿಗೆ ಸಿಕ್ಕರೆ ಆಗುವುದಕ್ಕಿಂತ ಜಾಸ್ತಿ, ಅಲ್ವಾ? ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದೇ. ಒಟ್ಟು ಉತ್ಪಾದನೆ ಕುಗ್ಗದ ಹಾಗೆ ಉಳ್ಳವರಿಂದ ಇಲ್ಲದವರಿಗೆ ಹಣ ಹೋದರೆ, ಸಮಾಜದ ಒಟ್ಟು ಸುಖ ಹೆಚ್ಚುತ್ತದೆ.

ಲಂಡನ್ನಿನ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಲಯೊನೆಲ್ ರಾಬಿನ್ಸ್ ಇದಕ್ಕೆ ತಕರಾರು ತೆಗೆದರು. ನಿಮ್ಮ ಸುಖ, ನನ್ನ ಸುಖ ಎರಡನ್ನೂ ಅಳೆಯುವ ಮಾಪಕ ಎಲ್ಲಿದೆ? 1938ರ ಲೇಖನದಲ್ಲಿ ಅವರು ನಮ್ಮ ದೇಶದ್ದೇ ಒಂದು ಪ್ರಸಂಗ ಹೇಳುತ್ತಾರೆ. ಎಲ್ಲರ ಸುಖವನ್ನೂ ಸಮನಾಗಿ ಎಣಿಸಬೇಕು ಎಂದು ಅಧಿಕಾರಿಯೊಬ್ಬರು ವಿವರಿಸಿದಾಗ, ಒಬ್ಬ ಬ್ರಾಹ್ಮಣ, ಅಗೋ ಅಲ್ಲಿರುವ ಅಸ್ಪೃಶ್ಯನಿಗಿಂತ ಹತ್ತು ಪಟ್ಟು ಸುಖಪಡುವ ಶಕ್ತಿ ನನಗಿದೆ ಅಂದನಂತೆ. ರಾಬಿನ್ಸ್‌ಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಆದರೆ ಅದನ್ನು ವಿಜ್ಞಾನದಿಂದ ಸುಳ್ಳು ಮಾಡಲಾಗದು, ಎಲ್ಲರೂ ಸಮ ಅನ್ನುವುದು ನಾವು ಒಪ್ಪಿಕೊಂಡ ನೀತಿ ಎಂದರು.

ಆ ಮಾತು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಮಾಪಕ ಇಲ್ಲ ಎಂಬುದು ನಿಜವೇ. ಆದರೆ ಅಲ್ಲಿಂದಾಚೆ ಬಹಳ ಅರ್ಥಶಾಸ್ತ್ರಜ್ಞರು ಹೋಲಿಕೆಯನ್ನೇ ಕೈಬಿಟ್ಟು, ಯಾರಿಗೂ ನಷ್ಟವಾಗದೆ ಒಬ್ಬರಿಗಾದರೂ ಲಾಭವಾದರೆ ಮಾತ್ರ ಸುಧಾರಣೆ ಎಂಬಲ್ಲಿಗೆ ಬಂದು ನಿಂತರು. ಹಾಗೆ ನಿಂತರೆ, ಶ್ರೀಮಂತರ ಮೇಲೆ ಒಂದು ರೂಪಾಯಿ ತೆರಿಗೆ ಹಾಕಿ ಹಸಿದವರಿಗೆ ಅಕ್ಕಿ ಕೊಡುವುದು ಸರಿಯೋ ತಪ್ಪೋ ಅಂತಲೂ ಹೇಳಲಾಗುವುದಿಲ್ಲ.

ಹಾಗಾದರೆ ಜನರನ್ನೇ ಕೇಳಿಬಿಡೋಣವೇ? ಅಮರ್ತ್ಯ ಸೇನ್ ಎತ್ತಿ ತೋರಿಸಿದ ಒಂದು ಸಮೀಕ್ಷೆ ಇದೆ. ಬಂಗಾಳದ ಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ ಹೆಂಡತಿ ತೀರಿಕೊಂಡ ಗಂಡಸರನ್ನೂ ಗಂಡ ತೀರಿಕೊಂಡ ಹೆಂಗಸರನ್ನೂ ಆರೋಗ್ಯ ಹೇಗಿದೆ ಎಂದು ವಿಚಾರಿಸಿದರು. ಚೆನ್ನಾಗಿಲ್ಲ ಅಂದ ಗಂಡಸರು ಶೇ. 48.5. ಹೆಂಗಸರು ಬರೀ ಶೇ. 2.5! ಆ ಕಾಲದ ಬಂಗಾಳದ ವಿಧವೆಯರ ಊಟ, ದುಡಿಮೆ, ಮನೆಯಲ್ಲಿ ಅವರಿಗಿದ್ದ ಜಾಗ ನೆನೆಸಿಕೊಂಡರೆ ಈ ಅಂಕಿಯನ್ನು ನಂಬುವುದು ಹೇಗೆ? ಕಷ್ಟ ರೂಢಿಯಾದಾಗ ದೂರು ಹೇಳಬಹುದು ಎಂಬುದೇ ಮರೆತುಹೋಗುತ್ತದೆ.

ಅದಕ್ಕೇ ಸೇನ್, ತೃಪ್ತಿಯನ್ನಷ್ಟೇ ಕೇಳಬೇಡಿ, ಹೊಟ್ಟೆ ತುಂಬಾ ಊಟ ಸಿಗುತ್ತಿದೆಯೇ, ಓದು ಬರುತ್ತದೆಯೇ, ಎಷ್ಟು ವರ್ಷ ಬದುಕುತ್ತಾರೆ ಎಂಬುದನ್ನೂ ನೋಡಿ ಎಂದರು. ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬ ಜಗಳ ಉಳಿದೇ ಇದೆ. ಅದನ್ನು ಎಲ್ಲರೆದುರು ವಾದಿಸಿ ತೀರ್ಮಾನಿಸಬಹುದು. ರಕ್ತಹೀನತೆ ಇದ್ದೂ ಚೆನ್ನಾಗಿದ್ದೀನಿ ಅನ್ನುವ ಹೆಂಗಸನ್ನು ಮಾತ್ರ ಲೆಕ್ಕದಿಂದ ಬಿಡುವ ಹಾಗಿಲ್ಲ. ನಮಸ್ಕಾರ.