ಲಂಚ ಕೇಳಿದ ವಿಡಿಯೋ ಇದೆ, ಕೋರ್ಟಿನಲ್ಲಿ ನಿಲ್ಲುತ್ತಾ?

[ದೃಶ್ಯ: ಮೇಜಿನ ಮೇಲೆ ಪೋಡಿ ಅರ್ಜಿ, ಪಕ್ಕದಲ್ಲಿ ಮೊಬೈಲ್]

ನಮಸ್ಕಾರ. ಶಿರಸಿ ಕಡೆ ಅಡಿಕೆ ತೋಟ ಹಿಸೆಯಾಗಿ ಪೋಡಿಗೆ, ಅಂದ್ರೆ ನಿಮ್ಮ ಪಾಲನ್ನು ಅಳೆದು ಬೇರೆ ಮಾಡಿಸೋಕೆ, ಅರ್ಜಿ ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ‘ಐದು ಸಾವಿರ ಕೊಟ್ರೆ ಫೈಲ್ ಮುಂದೆ ಹೋಗುತ್ತೆ’ ಅಂದರು ಕಚೇರಿಯ ಅಧಿಕಾರಿ. ಅಂಗಿ ಜೇಬಿನ ಫೋನಿನಲ್ಲಿ ಅದು ರೆಕಾರ್ಡ್ ಆಯ್ತು. ಹೆಚ್ಚಿನವರು ತಕ್ಷಣ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕ್ತಾರೆ. ಕೇಸು ಸಡಿಲವಾಗೋದು ಅಲ್ಲೇ.

ವಾಟ್ಸ್‌ಆ್ಯಪ್ ವಿಡಿಯೋವನ್ನು ಕುಗ್ಗಿಸುತ್ತೆ, ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು ಸಂಕೇತ) ಬದಲಾಗುತ್ತೆ. ಆ ಪ್ರತಿ ಮೂಲ ಫೈಲಿಗೆ ತಾಳೆಯಾಗಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಪ್ರತಿ ಹಾಜರುಪಡಿಸಲು ಪ್ರಮಾಣಪತ್ರ ಬೇಕು. ‘ಎ’ ಭಾಗಕ್ಕೆ ನಿಮ್ಮ ಸಹಿ, ‘ಬಿ’ ಭಾಗಕ್ಕೆ ತಜ್ಞರ ಸಹಿ, ಹ್ಯಾಶ್ ಎರಡರಲ್ಲೂ. ಮೂಲ ಫೋನನ್ನೇ ಹಾಜರುಪಡಿಸಿ ಮಾಲೀಕರೇ ಸಾಕ್ಷಿ ಹೇಳಿದರೆ ಪ್ರಮಾಣಪತ್ರ ಬೇಡ ಅಂತ ಹಳೆ ಕಾಯ್ದೆಯಡಿ 2020ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ವಿಡಿಯೋ ಕತ್ತರಿಸಬೇಡಿ, ಫೋನ್ ರೀಸೆಟ್ ಮಾಡಬೇಡಿ.

ಗುಟ್ಟಾಗಿ ರೆಕಾರ್ಡ್ ಮಾಡಿದ್ದು ಅನ್ನೋ ಒಂದೇ ಕಾರಣಕ್ಕೆ ಸಾಕ್ಷ್ಯ ಬಿದ್ದುಹೋಗಲ್ಲ. ಸುಪ್ರೀಂ ಕೋರ್ಟಿನ 1972ರ ಮಲ್ಕಾನಿ ತೀರ್ಪಿನಿಂದ ಇದು ಸ್ಪಷ್ಟ. ಆದರೆ ಅವರು ಬಾಯಿಬಿಡುವ ಮೊದಲೇ ‘ಎಷ್ಟು ಕೊಡ್ಲಿ ಸರ್?’ ಅಂತ ನೀವೇ ಕೇಳಿದ್ದರೆ ಪ್ರತಿವಾದಿ ವಕೀಲರಿಗೆ ಹಬ್ಬ.

[ದೃಶ್ಯ: ಗಾಜಿನ ಲೋಟದಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತಿದೆ]

ಇನ್ನು ದುಡ್ಡು. ಸ್ವಂತಕ್ಕೆ ಕೊಟ್ಟು ಹಿಡಿಯೋಕೆ ಹೋಗಬೇಡಿ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡೋದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಬೇಕು. ಮೊದಲೇ ಪೊಲೀಸರಿಗೆ ತಿಳಿಸಿ ಕೊಟ್ಟರೆ ರಕ್ಷಣೆ ಇದೆ. ಸ್ಟಿಂಗ್ (ಗುಟ್ಟಾಗಿ ಚಿತ್ರೀಕರಿಸಿ ಹಿಡಿಯುವ ಕಾರ್ಯಾಚರಣೆ) ಮಾಡಿದವರಿಗೆ ತಾನಾಗೇ ವಿನಾಯಿತಿ ಸಿಗಲ್ಲ ಅಂತ 2014ರ ರಜತ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಕಾರವಾರದ ಲೋಕಾಯುಕ್ತ ಪೊಲೀಸರ ಬಳಿ ಹೋಗಿ.

ಅಲ್ಲಿ ಪಂಚರ (ಸ್ವತಂತ್ರ ಸಾಕ್ಷಿಗಳ) ಎದುರು ನೋಟಿನ ನಂಬರ್ ಬರೆದುಕೊಂಡು ಫಿನಾಫ್ಥಲೀನ್ ಪುಡಿ ಸವರುತ್ತಾರೆ. ಅಧಿಕಾರಿ ಕೇಳದೆ ನೋಟು ತೆಗೆಯಬೇಡಿ, ಕೈಕುಲುಕಬೇಡಿ, ಪುಡಿ ಅಂಟೀತು. ಆಮೇಲೆ ಆರೋಪಿಯ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದಾಗ ಗುಲಾಬಿ ಬಣ್ಣ. ಅದು ನೋಟು ಮುಟ್ಟಿದ್ದಕ್ಕೆ ಸಾಕ್ಷಿ, ಕೇಳಿದ್ದಕ್ಕಲ್ಲ. ಬೇಡಿಕೆ ಸಾಬೀತಾಗದಿದ್ದರೆ ಖುಲಾಸೆಯೇ. ಅದಕ್ಕೇ ಜೊತೆಗೆ ಹೋಗುವ ಪಂಚರ ಕಿವಿಗೆ ಮಾತು ಬೀಳಬೇಕು, ನಿಮ್ಮ ರೆಕಾರ್ಡಿಂಗ್ ಸ್ಪಷ್ಟವಾಗಿರಬೇಕು.

ಪ್ರಸಾರದ ವಿಷಯಕ್ಕೆ ನಮ್ಮ ನಿಲುವು ಕಟ್ಟುನಿಟ್ಟು. 2007ರಲ್ಲಿ ದೆಹಲಿಯ ಶಿಕ್ಷಕಿಯೊಬ್ಬರ ಮೇಲೆ ವಾಹಿನಿಯೊಂದು ಹಾಕಿದ ಸ್ಟಿಂಗ್ ಕಟ್ಟುಕತೆಯೆಂದು ಗೊತ್ತಾಗುವಷ್ಟರಲ್ಲಿ ಜನ ಅವರ ಮೇಲೆ ಕೈ ಮಾಡಿಯಾಗಿತ್ತು. ವಿಡಿಯೋ ಮೊದಲು ತನಿಖಾಧಿಕಾರಿಗೆ ಕೊಡಿ. ಫೇಸ್‌ಬುಕ್ಕಿಗೆ ಏನವಸರ?